ಒಂದೂವರೆ ಇಂಚಿನ ಪೈಪು

ನಮ್ಮ ಬೀದಿಯಲ್ಲಿ ನನ್ನನ್ನು ಜಗಳಗಂಟಿ ಅನ್ನುತ್ತಾರೆ. ಅನ್ನಲಿ. ಹತ್ತಡಿ ಅಗಲದ ಬೀದಿಗೆ ಅಡ್ಡಲಾಗಿ ಕೇಬಲ್ ಎಳೆದುಕೊಂಡು ಬದುಕಬೇಕಾದವಳು ಜಗಳವಾಡದೆ ಹಾಡು ಹೇಳಬೇಕಾ?

ನನ್ನದು ಎಲೆಕ್ಟ್ರಿಕ್ ಆಟೊ. ಅದರ ಚಾರ್ಜರನ್ನು ಕಂಪನಿಯ ಹುಡುಗರು ಮೀಟರಿನ ಪಕ್ಕದಲ್ಲೇ, ನಮ್ಮ ಮನೆ ಗೋಡೆಗೆ ಬಡಿದು ಹೋದರು. ಆಟೊ ನಿಲ್ಲುವುದು ಎದುರುಗಡೆಯ ಹಳೇ ಕೊಟ್ಟಿಗೆಯಲ್ಲಿ. ಮನೆ ಮುಂದೆ ನಿಲ್ಲಿಸಿದರೆ ಟ್ರಾಕ್ಟರಿಗೆ ದಾರಿ ಇರುವುದಿಲ್ಲ. ಹಾಗಾಗಿ ಕೇಬಲ್ ದಿನಾ ಬೀದಿ ದಾಟಬೇಕು. ಅದು ದಾಟಿದ್ದೇ ತಡ, ಊರಿಗೆಲ್ಲ ಅದರ ಮೇಲೇ ಕಾಲು.

ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನಮ್ಮೂರಿನ ಐದು ಹೆಣ್ಣುಮಕ್ಕಳು ಮಧ್ಯಾಹ್ನ ಎರಡಕ್ಕೆ ಶುರುವಾಗುವ ಶಿಫ್ಟಿಗೆ ಹೋಗುತ್ತಾರೆ. ಆ ಹೊತ್ತಿಗೆ ಬಸ್ಸಿಲ್ಲ. ಒಂದು ಗಂಟೆಗೆ ಅವರನ್ನು ಹತ್ತಿಸಿಕೊಂಡು ಹೊರಡುವುದು, ರಾತ್ರಿ ಕರೆತರುವುದು ನನ್ನ ಕೆಲಸ. ಆ ಕೆಲಸ ನಂಬಿಯೇ ಆಟೊ ತಗೊಂಡಿದ್ದು. ಹೋದ ತಿಂಗಳು ಎರಡು ಸಲ ತಡವಾಯಿತು. ಎರಡಕ್ಕೂ ಕೇಬಲ್ಲೇ ಕಾರಣ. ಮೊದಲ ಸಲ ಪಕ್ಕದ ಮನೆಯ ಆಂಜಿನಪ್ಪ ಬೀದಿ ತುಂಬ ಹುರುಳಿ ಹರಡಿ, ಹೋಗುವ ಬರುವ ಗಾಡಿಗಳ ಕೈಲಿ ಬಿಟ್ಟಿ ಒಕ್ಕಣೆ ಮಾಡಿಸಿದ. ಹುರುಳಿ ಅಡಿಯಲ್ಲಿ ನನ್ನ ಕೇಬಲ್ಲೂ ಒಕ್ಕಣೆಯಾಯಿತು. ಎರಡನೇ ಸಲ ಅವನದೇ ಕರು ಕಾಲಿಗೆ ಸುತ್ತಿಕೊಂಡು ಎಳೆದಾಡಿತು. ಆ ಹೆಣ್ಣುಮಕ್ಕಳನ್ನು ಕೆಲಸಕ್ಕಿಟ್ಟ ಲೇಬರ್ ಕಂಟ್ರಾಕ್ಟರ್ ಅನಿಲ್‌ಕುಮಾರ್ ಮುಲಾಜಿಲ್ಲದೆ ಹೇಳಿಬಿಟ್ಟ.

"ಇನ್ನೊಂದ್ಸಲ ಗಾಡಿ ಕೈ ಕೊಟ್ರೆ ಪಿಳ್ಳಣ್ಣನ ಟೆಂಪೊ ಗೊತ್ಮಾಡ್ಕೋತೀನಿ. ಆಮೇಲೆ ಬಂದು ಅಳ್ಬೇಡ."

ಅವತ್ತು ಮನೆಗೆ ಬಂದು ತಟ್ಟೆ ಮುಂದೆ ಕೂತು ಕೂಗಾಡಿದೆ. "ಈ ಮನೇಲಿ ಒಬ್ರಾದ್ರೂ ಆ ಕೇಬಲ್‌ಗೊಂದು ದಾರಿ ಮಾಡ್ರಪ್ಪಾ! ಎಲ್ಲಾ ನಾನೊಬ್ಳೇ ಸಾಯ್ಬೇಕಾ?" ಅಪ್ಪ ಸಂಜೀವಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಾ ಕೂತಿದ್ದ. ಅದಕ್ಕೂ ಸಿಟ್ಟು ಬಂತು.

ಇವತ್ತು ಬೆಳಿಗ್ಗೆ ದೊಡ್ಡಬಳ್ಳಾಪುರಕ್ಕೆ ಎರಡು ಟ್ರಿಪ್ ಹೊಡೆದು ಎಂಟೂವರೆಗೆ ಬಂದೆ. ಗನ್ನು ಸಿಕ್ಕಿಸಿ, ಹಸಿರು ದೀಪ ನೋಡಿ ಮಲಗಿದೆ. ಪೆಟ್ರೋಲ್ ಬಂಕಿನಲ್ಲಿ ಹಿಡಿಯುತ್ತಾರಲ್ಲ, ಹಾಗೆಯೇ ಇರುವ ಪ್ಲಗ್ಗಿಗೆ ನಾವು ಗನ್ನು ಅನ್ನುವುದು. ಹನ್ನೆರಡೂಕಾಲಿಗೆ ಎದ್ದು ನೋಡಿದರೆ ಆಟೊದಲ್ಲಿ ಹನ್ನೊಂದು ಪರ್ಸೆಂಟ್! ಅಷ್ಟು ಚಾರ್ಜಿನಲ್ಲಿ ಬಾಶೆಟ್ಟಿಹಳ್ಳಿಯ ಅರ್ಧ ದಾರಿಗೂ ಹೋಗಲಾಗದು. ಬೀದಿಯ ಮೇಲೆ ಕೇಬಲ್ಲೇ ಇಲ್ಲ. ಅದಿದ್ದ ಜಾಗದಲ್ಲಿ ಉದ್ದಕ್ಕೆ ಅಗೆದು ಮುಚ್ಚಿದ ಹಸಿ ಮಣ್ಣು.

ಮೈಯೆಲ್ಲ ಉರಿಯಿತು. ಸೀದಾ ಆಂಜಿನಪ್ಪನ ಬಾಗಿಲಿಗೆ ಹೋದೆ.

"ಏನಣ್ಣಾ, ತುಳಿದಿದ್ದು ಸಾಲ್ದು ಅಂತ ಈಗ ಕಿತ್ತೇ ಹಾಕಿದ್ಯಾ? ನನ್ ಹೊಟ್ಟೆ ಮೇಲೆ ಹೊಡೆದ್ರೆ ನಿಂಗೇನು ಸಿಗುತ್ತೆ?" ಇನ್ನೂ ಅಂದೆ. ಬರೆಯುವಂಥ ಮಾತುಗಳಲ್ಲ.

ಆಂಜಿನಪ್ಪ ಎಲ್ಲವನ್ನೂ ಅನ್ನಿಸಿಕೊಂಡು, ಕೊನೆಗೆ ಕೊಟ್ಟಿಗೆ ಕಡೆ ಕೈ ತೋರಿಸಿದ. "ಅಗೆದಿದ್ದು ನಾನಲ್ಲ ಕಣಮ್ಮಾ. ನಿಮ್ಮಪ್ಪ. ಬೆಳಿಗ್ಗೆಯಿಂದ ಒಬ್ನೇ ಹಾರೆ ಹಿಡ್ದವ್ನೆ. ಸಹಾಯಕ್ಕೆ ಬರ್ತೀನಿ ಅಂದ್ರೂ ಬ್ಯಾಡ ಅಂದ."

ಅಪ್ಪ ಕೊಟ್ಟಿಗೆಯ ಹಿಂದಿನಿಂದ ಬಂದ. ಮೊಣಕಾಲವರೆಗೂ ಮಣ್ಣು, ಮುಖದ ತುಂಬ ನಗು.

"ಎದ್ದ್ಯಾ? ನೋಡು, ಒಂದೂವರೆ ಇಂಚಿನ ಬೋರ್ ಪೈಪು. ಒಂದ್ ಗೇಣು ಆಳಕ್ಕೆ ಹೂತಿದ್ದೀನಿ. ಇನ್ಮೇಲೆ ಯಾವನ್ ಗಾಡಿ ಓಡಿಸ್ಕೊಂಡ್ ಹೋದ್ರೂ ನಿನ್ ಕೇಬಲ್‌ಗೆ ಏನೂ ಆಗಲ್ಲ."

"ಅಪ್ಪಾ, ಒಂದೂವರೆ ಇಂಚಲ್ಲಿ ಗನ್ನು ಹೆಂಗ್ ತೂರಿಸ್ದೆ?"

"ತೂರ್ಲಿಲ್ಲ. ಕತ್ತರಿಸಿ, ವೈರ್ ತೂರಿಸಿ, ಆಮೇಲೆ ಜಾಯಿಂಟ್ ಹಾಕ್ದೆ."

ಕೊಟ್ಟಿಗೆ ಬಾಯಲ್ಲಿ ಗನ್ನಿಗೂ ಕೇಬಲ್ಲಿಗೂ ನಡುವೆ ಗೇಣುದ್ದ ಕಪ್ಪು ಟೇಪು. ನೀಟಾಗಿ, ಬಿಗಿಯಾಗಿ ಸುತ್ತಿದ್ದ. ಊರಿನಲ್ಲಿ ಯಾರ ಬೋರ್‌ವೆಲ್ ಮೋಟ್ರು ಸುಟ್ಟರೂ ಮೂವತ್ತು ವರ್ಷದಿಂದ ಕೇಬಲ್ ಕಟ್ಟಲು ಕರೆಯುವುದು ಅಪ್ಪನನ್ನೇ.

"ಮೂರು ದಪ್ಪ ವೈರು ಬಣ್ಣ ನೋಡಿ ಸೇರಿಸಿದ್ದೀನಿ," ಅಂದ. "ಕೂದಲಂಗೆ ಸಣ್ಣವು ಎರಡಿದ್ವು. ಅವ್ಯಾಕೆ ಅಂತ ಮಡಚಿ ಒಳಗೇ ಇಟ್ಟೆ."

ಆ ಸಣ್ಣ ವೈರಿನಲ್ಲೇ ಚಾರ್ಜರೂ ಆಟೊನೂ ಒಂದನ್ನೊಂದು ಕೇಳಿಕೊಳ್ಳುವುದು. ಉತ್ತರ ಬರದಿದ್ದರೆ ಚಾರ್ಜರ್ ಒಂದು ಹನಿ ಕರೆಂಟೂ ಬಿಡುವುದಿಲ್ಲ. ಕಂಪನಿಯ ಹುಡುಗ ನನಗೆ ಹೇಳಿದ್ದ. ನಾನು ಅಪ್ಪನಿಗೆ ಹೇಳಿರಲಿಲ್ಲ.

"ನಿನ್ನ ಯಾರಪ್ಪಾ ಕೇಳಿದ್ರು? ಅದೇನ್ ಬೋರ್‌ವೆಲ್ ಮೋಟ್ರಾ? ಎಬ್ಬಿಸಿ ಒಂದ್ ಮಾತು ಕೇಳಕ್ಕೆ ಬಾಯಿರ್ಲಿಲ್ವಾ ನಿಂಗೆ?"

ಅಪ್ಪನ ನಗು ಇಳಿಯಿತು. "ನೀನೇ ಅಲ್ವೇನವ್ವ ಹೇಳಿದ್ದು, ದಾರಿ ಮಾಡಿ ಅಂತ. ನಿದ್ದೆಗೆಟ್ಟು ಬಂದಿದ್ಯಲ್ಲಾ ಅಂತ ಎಬ್ಬಿಸ್ಲಿಲ್ಲ."

ಶತ್ರುವಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಈ ಮನುಷ್ಯನನ್ನು ಏನು ಮಾಡಲಿ? ಕಣ್ಣಲ್ಲಿ ನೀರು ಬಂತು. ಅದು ದುಃಖದ ನೀರಲ್ಲ, ಸಿಟ್ಟಿನದು. ಆ ಸಣ್ಣ ವೈರು ಈಗ ಸೇರಿಸಿದರೂ ಒಂದು ಗಂಟೆಯೊಳಗೆ ಚಾರ್ಜ್ ಆಗದು. ಕಂಪನಿಗೆ ಫೋನ್ ಮಾಡಿದೆ. ಕತ್ತರಿಸಿದ ಕೇಬಲ್ ರಿಪೇರಿ ಮಾಡುವುದಿಲ್ಲ ಮೇಡಂ, ಹೊಸದು ಬರಲು ನಾಲ್ಕು ದಿನ ಆಗುತ್ತೆ ಅಂದರು. ಫೋನು ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು.

ಒಂದಕ್ಕೆ ಐದು ನಿಮಿಷ ಇರುವಾಗ ಐದೂ ಜನ ಊಟದ ಡಬ್ಬಿ ಹಿಡಿದು ಬಂದರು. ವಿಷಯ ಕೇಳಿ ಸಿಂಧು ಮೆಲ್ಲಗೆ ಅಂದಳು, "ಪರ್ವಾಗಿಲ್ಲ ಬಿಡು ರೂಪಕ್ಕ, ಇವತ್ತೊಂದಿನ ರಜ ಹಾಕ್ತೀವಿ. ನಿನ್ ಹೆಸ್ರು ಹೇಳಲ್ಲ." ಇನ್ನೂ ಮೂರು ತಿಂಗಳಾಗಿಲ್ಲ ಅವಳು ಸೇರಿ. ರಜ ಹಾಕಿದರೆ ನಾಳೆ ಅವಳ ಜಾಗದಲ್ಲಿ ಇನ್ನೊಬ್ಬಳಿರುತ್ತಾಳೆ. ನನ್ನ ಬಾಡಿಗೆ ಉಳಿಸಿಕೊಳ್ಳಲು ಈ ಹುಡುಗಿಯರ ಕೆಲಸ ಕಳೆಯಲಾ? ಬೀದಿ ತುದಿಯಲ್ಲೇ ಮನೆಯಿರುವ ಪಿಳ್ಳಣ್ಣನಿಗೆ ನಾನೇ ಫೋನ್ ಮಾಡಿದೆ.

"ಪಿಳ್ಳಣ್ಣ, ಐದು ಜನ ಇದ್ದಾರೆ. ಎರಡಕ್ಕೆ ಗೇಟಲ್ಲಿರ್ಬೇಕು. ಬರ್ತೀಯಾ?"

"ಇವತ್ತೊಂದಿನಾನಾ, ದಿನಾನಾ?" ಅಂದ. "ದಿನಾನೇ ಅಂದ್ಕೋ," ಅಂದೆ.

ಎರಡೇ ನಿಮಿಷದಲ್ಲಿ ಟೆಂಪೊ ಬಂತು. ಹುಡುಗಿಯರು ನನ್ನ ಮುಖ ನೋಡದೆ ಹತ್ತಿದರು. ಸಿಂಧು ಮಾತ್ರ ಕೈ ಬೀಸಿದಳು. ಪಿಳ್ಳಣ್ಣ ಗೇರ್ ಹಾಕಿ ಮುಂದಕ್ಕೆ ಬಿಟ್ಟ. ಮುಂದಿನ ಚಕ್ರ, ಹಿಂದಿನ ಚಕ್ರ, ಎರಡೂ ಹಸಿ ಮಣ್ಣಿನ ಮೇಲೆ ಹತ್ತಿ ಇಳಿದವು.

ಅಪ್ಪ ಓಡಿಹೋಗಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಸರಿಸಿ ಪೈಪನ್ನು ಮುಟ್ಟಿ ನೋಡಿದ. ತಲೆಯೆತ್ತಿ ನನ್ನನ್ನು ನೋಡಿದಾಗ ಅವನ ಮುಖದಲ್ಲಿ ಆ ನಗು ಮತ್ತೆ ಬಂದಿತ್ತು.

"ನೋಡ್ದಾ? ಅಷ್ಟು ಜನ ತುಂಬ್ಕೊಂಡ್ ಹೋಯ್ತು. ಒಂದ್ ಗೀರೂ ಬಿದ್ದಿಲ್ಲ!"