ಪರದೆ ಒರೆಸುವ ಸಾಲು

ಇಂಥ ಆಜ್ಞೆ ತನಗೆ ಗೊತ್ತೇ ಇಲ್ಲವೆಂದು ಕಂಪ್ಯೂಟರ್ ಮತ್ತೆ ಹೇಳಿತು. ಶಿವಾನಂದ ಕನ್ನಡಕ ತೆಗೆದು ಒರೆಸಿಕೊಂಡ. ತನ್ನ ಬೆರಳೇ ತಪ್ಪಿರಬೇಕೆಂದು ಆ ಸಾಲನ್ನು ಅಳಿಸಿ, ಒಂದೊಂದೇ ಅಕ್ಷರ ನೋಡಿಕೊಂಡು ಮತ್ತೆ ಬರೆದ. ಅದು ಮತ್ತೆ ಅದೇ ರಾಗ ಎಳೆಯಿತು.

ಹುಕ್ಕೇರಿಯ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕನ ಕಾಯಂ ಹುದ್ದೆಗೆ ಪರೀಕ್ಷೆ. ವಯಸ್ಸಿನ ಮಿತಿ ಅವನಿಗೆ ಈ ವರ್ಷಕ್ಕೇ ಮುಗಿಯುತ್ತಿತ್ತು. ಇದು ತಪ್ಪಿದರೆ ಈಗ ಪಾಠ ಹೇಳುತ್ತಿದ್ದ ಗೋಕಾಕದ ಕಂಪ್ಯೂಟರ್ ಕ್ಲಾಸೇ ಗತಿ. ಮಾಲೀಕ ಬಾ ಎಂದರೆ ಉಂಟು, ಬೇಡವೆಂದರೆ ಇಲ್ಲ. "ನಿಮಗ ಬರಲಾರದ್ದೇನ ಕೇಳತಾರ ಬಿಡ್ರಿ" ಎಂದು ಹೆಂಡತಿ ಮಾಯಾ ನಕ್ಕು ಕಳಿಸಿದ್ದಳು.

ಪ್ರಶ್ನೆಯೇನೋ ಸುಲಭದ್ದೇ. ಸಿ ಭಾಷೆಯಲ್ಲಿ ಒಂದಿಷ್ಟು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕು, ನಿದ್ದೆಗಣ್ಣಿನಲ್ಲೂ ಬರೆದಾನು. ಆದರೆ ಗೋಕಾಕದ ಹಳೆಯ ನೀಲಿ ಪರದೆಯ ಸಿಯಲ್ಲಿ ಹಿಂದಿನ ಸಲದ ಉತ್ತರ ಪರದೆಯ ಮೇಲೆ ಹಾಗೇ ಉಳಿದಿರುತ್ತಿತ್ತು. ಅದಕ್ಕೇ ಮೊದಲು ಪರದೆ ಒರೆಸುವ ಆಜ್ಞೆ ಬರೆಯುವುದು ರೂಢಿ. "ಕಸಾ ಹೊಡೀದ ರಂಗೋಲಿ ಹಾಕತೀರೇನ?" ಎಂದು ಹುಡುಗರನ್ನು ಗದರುತ್ತಿದ್ದ. ಇಲ್ಲೂ ಮೊದಲು ಅದನ್ನೇ ಬರೆದಿದ್ದ. ಹುಕ್ಕೇರಿಯಲ್ಲೂ ಭಾಷೆ ಅದೇ, ಅದನ್ನು ಓದುವ ತಂತ್ರಾಂಶ ಮಾತ್ರ ಹೊಸದು. ಅದರಲ್ಲಿ ಆ ಆಜ್ಞೆಯೇ ಇರಲಿಲ್ಲ. ಪಾಪ, ಅವನು ತನ್ನ ಬೆರಳನ್ನು ಬೈದನೇ ಹೊರತು ಆ ಸಾಲಿನ ಮೇಲೆ ಸಂಶಯಪಡಲಿಲ್ಲ.

"ಟೈಮ್ ಆತ್ರಿ ಸರ್, ಕೈ ತಗೀರಿ" ಎಂದಳು ಪರೀಕ್ಷೆ ನಡೆಸುತ್ತಿದ್ದ ಉಪನ್ಯಾಸಕಿ ಲಕ್ಷ್ಮೀ.

"ಮೇಡಮ್, ನಿನ್ನೆ ಗೋಕಾಕದಾಗ ಇದ ಓಡೇತ್ರಿ. ದೇವರಾಣಿ!"

"ಅಲ್ಲಿ ಓಡತೈತ್ರಿ. ಇಲ್ಲಿ ಇದೊಂದು ತಗದಿದ್ರ ಆಗತಿತ್ತು." ಅವಳು ಬಾಗಿ ಆ ಸಾಲಿಗೆ ಸಂಬಂಧಿಸಿದ್ದನ್ನೆಲ್ಲ ಅಳಿಸಿ ಓಡಿಸಿದಳು. ಅಂಕಿಗಳು ಸರಿಯಾಗಿ ಸಾಲುಗಟ್ಟಿ ನಿಂತವು, ಒಂದೂ ತಪ್ಪಿರಲಿಲ್ಲ.

ಶಿವಾನಂದ ಪರದೆಯತ್ತ ಬೆರಳು ತೋರಿಸಿದ. "ಬಂತಲ್ರಿ ಮೇಡಮ್... ಬರಕೋರಿ."

"ಟೈಮ್ ಮುಗದ ಮ್ಯಾಲೆ ನಾ ತಗದದ್ದದು. ಹೆಂಗ ಬರಕೊಳ್ಳಲಿರಿ?" ಅವಳ ದನಿಯೂ ಇಳಿದಿತ್ತು. ಅವನ ಹೆಸರಿನ ಮುಂದೆ ಸೊನ್ನೆ ಹಾಕಿದಳು.

ಬಾಗಿಲಲ್ಲಿ ಮುಂದಿನ ತಂಡ ಒಳಬರುತ್ತಿತ್ತು. ಅವರೊಳಗೆ ತುಕ್ಕಾನಟ್ಟಿಯ ಕಾಜಲ್; ಅವನ ಹತ್ತಿರವೇ ಕಲಿತವಳು. ಅವನನ್ನು ಕಂಡು ಅವಳ ಮುಖ ಅರಳಿತು.

"ಕಾಜಲ್, ಆ ಮೊದಲನೇ ಸಾಲ..." ಎಂದ ಶಿವಾನಂದ.

"ಸರ್, ಇಲ್ಲಿ ಮಾತಾಡೂಹಂಗಿಲ್ರಿ. ಹೊರಗ ನಡೀರಿ" ಎಂದು ಲಕ್ಷ್ಮೀ ತಡೆದಳು.

"ಮರೀತೇನೇನ್ರಿ ಸರ್? ಮೊದಲ ಅದನ್ನ ಬರೀತೇನಿ" ಎಂದು ಕಾಜಲ್ ನಕ್ಕಳು.

ಶಿವಾನಂದ ಹೊರಗೆ ಕಾಲಿಟ್ಟದ್ದೇ ಕಾಲೇಜಿನ ಸಿಪಾಯಿ ಬಾಗಿಲು ಎಳೆದುಕೊಂಡ. ಗಾಜಿನಾಚೆ ಅವಳು ಕುರ್ಚಿಯನ್ನು ಮುಂದಕ್ಕೆಳೆದು ಕುಳಿತು, ಬೆರಳುಗಳ ನೆಟಿಕೆ ಮುರಿದಳು.