ಮುಂಡಾಸಿನ ಕವಿತೆ

ಮಾಸಪತ್ರಿಕೆಯನ್ನು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು ಅಣ್ಣು ಮಾಸ್ತರರು ಶಾಲೆಗೆ ಹೊರಟುಹೋದರು. ಅದರಲ್ಲಿ ಅವರ ಕವಿತೆ ಅಚ್ಚಾಗಿದೆ ಎಂದು ಹೆಂಡತಿ ಗುಲಾಬಿಗೆ ಗೊತ್ತಿತ್ತು. ಯಾರ ಮೇಲೆ ಬರೆದದ್ದು ಎಂಬುದೂ ಗೊತ್ತಿತ್ತು. ಮೀನು ಕೊಯ್ಯುತ್ತಿದ್ದ ಕೈಯನ್ನು ತೊಳೆದು, ಸೆರಗಿಗೆ ಒರೆಸಿಕೊಂಡು, ಬಾಗಿಲ ಬೆಳಕಿಗೆ ಕೂತು ಓದಿದಳು.

ಅವರ ಒಬ್ಬಳೇ ಮಗಳು ಜಯ ವಿಷಮಜ್ವರದಲ್ಲಿ ತೀರಿಹೋಗಿ ಒಂದು ಮಳೆಗಾಲ ಕಳೆದಿತ್ತು. ಐದು ತುಂಬಿರಲಿಲ್ಲ ಅವಳಿಗೆ. ಅತ್ತಾವರದ ಆ ಬಾಡಿಗೆ ಮನೆಯಲ್ಲಿ ಅಂದಿನಿಂದ ಗಂಡಹೆಂಡತಿ ಇಬ್ಬರೂ ಬೇರೆಲ್ಲ ಮಾತಾಡುತ್ತಿದ್ದರು, ಮಗಳ ಹೆಸರು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ.

ಕವಿತೆಯಲ್ಲಿ ಜಯ ಮಲ್ಲಿಗೆಯ ಮೊಗ್ಗಾಗಿದ್ದಳು. ಅರಳುವ ಮೊದಲೇ ದೇವರ ಮುಡಿಗೆ ಏರಿದ್ದಳು. ಸಂಜೆಯ ತಾವರೆಯಂತೆ ನಸುನಗುತ್ತ ಕಣ್ಣು ಮುಚ್ಚಿದ್ದಳು. ಗುಲಾಬಿ ಎರಡು ಸಲ ಓದಿದಳು. ಅವಳ ಜಯ ತಲೆಗೆ ಹೂ ಮುಡಿಸಿದರೆ ಕಿತ್ತು ಕೋಳಿಗೆ ಹಾಕುತ್ತಿದ್ದವಳು. ಜ್ವರದಲ್ಲಿ ನಕ್ಕವಳೂ ಅಲ್ಲ, ಗಂಜಿ ಬೇಡ, ಹುರಿದ ಬಂಗುಡೆ ಮೀನು ಬೇಕು ಎಂದು ಜಗಳಾಡಿ, ಔಷಧಿ ತಂದ ಕಂಪೌಂಡರನ ಕೈ ಕಚ್ಚಿದವಳು. ಈ ಕಾಗದದ ಮೇಲೆ ಮಲಗಿದ್ದ ಸಾಧು ಮಗುವನ್ನು ಗುಲಾಬಿ ಎಂದೂ ಕಂಡಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತ ಮಾಸ್ತರರು ತಲೆ ಎತ್ತದೆ, ಓದಿದೆಯಾ ಎಂದು ಕೇಳಿದರು.

"ಓದಿದೆ. ಚಂದ ಉಂಟು," ಎಂದಳು ಗುಲಾಬಿ. "ಯಾರ ಮಗು ಅದು?"

ಮಾಸ್ತರರ ಕೈ ಅನ್ನದಲ್ಲೇ ನಿಂತಿತು. ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ಮಾತು ಆಡಿದ ಮೇಲೆ ಗುಲಾಬಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನಿಸಿತು. ಆದರೆ ಸುಳ್ಳು ಹೇಳಿದೆ ಅನಿಸಲಿಲ್ಲ. ಅವರ ಬಟ್ಟಲೆತ್ತಿ ತೊಳೆಯಲು ಹೋದಳು.

ಅಂದಿನಿಂದ ಮಾಸ್ತರರು ಬರೆಯುವುದನ್ನೇ ಬಿಟ್ಟರು. ಹೊಸ ಕಾಲದ ಕವಿತೆಯೆಂದರೆ ಜೀವ ಬಿಡುತ್ತಿದ್ದ ಮನುಷ್ಯ, ಗೆಳೆಯರು ಬಂದು ಕರೆದರೂ ಸಾಹಿತ್ಯದ ಕೂಟಗಳಿಗೆ ಹೋಗದಾದರು. ಶಾಲೆಯಿಂದ ಬಂದವರು ಮನೆಯ ಮುಂಭಾಗದ ಚಾವಡಿಯ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡುತ್ತಿದ್ದರು. ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಮಗಳು ಹೋದಾಗಲೂ ಅವರು ಇಷ್ಟು ಕುಸಿದಿರಲಿಲ್ಲ. 

ಪಕ್ಕದ ಮನೆಯ ಹೆಲನ್ ಬಾಯಿ ಬಟ್ಟೆ ಹೊಲಿದು ಜೀವನ ಮಾಡುವವಳು. ಅವಳು ಆ ಪತ್ರಿಕೆಯನ್ನು ಓದಲು ಕೇಳಿ ಕೊಂಡೊಯ್ದು ತಿಂಗಳುಗಳೇ ಆಗಿದ್ದವು. ಒಂದು ಬೆಳಿಗ್ಗೆ ಬೇಲಿಯ ಹತ್ತಿರ ನಿಂತು, ಅದನ್ನು ಹಿಂದೆ ಕೊಡಲು ಆಗುವುದಿಲ್ಲ ಎಂದಳು. ಕೊಟ್ಟಾರದಲ್ಲಿರುವ ಅವಳ ತಮ್ಮ ಜೊಕಿಮನ ಮಗುವೂ ಆ ವರ್ಷವೇ ತೀರಿಹೋಗಿತ್ತು. ಜೊಕಿಮನ ಹೆಂಡತಿ ಅಳಲೂ ಇಲ್ಲ, ಉಣ್ಣಲೂ ಇಲ್ಲ, ಕಲ್ಲಿನ ಹಾಗೆ ಕೂತುಬಿಟ್ಟಿದ್ದಳಂತೆ. ಜೊಕಿಮ ಆ ಕವಿತೆಯನ್ನು ಓದಿ ಹೇಳಿದ ದಿನ ಅವಳು ಎದೆ ಬಿರಿಯುವಂತೆ ಅತ್ತು, ಆಮೇಲೆ ತಾನಾಗಿ ಎದ್ದು ಒಲೆ ಹೊತ್ತಿಸಿದಳಂತೆ.

"ಈಗ ದಿನಾ ಓದಿಸಿಕೊಳ್ತಾಳೆ ಗುಲಾಬಿಯಕ್ಕ," ಎಂದಳು ಹೆಲನ್. "ಮಾಸ್ತರರಿಗೆ ಹೇಳಿ, ಅವರಿಂದ ನಮ್ಮ ಹುಡುಗಿ ಉಳಿದಳು ಅಂತ."

ಗುಲಾಬಿ ಒಳಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ತನಗೆ ಬೇಡವಾದ ಮಲ್ಲಿಗೆ ಮೊಗ್ಗು ಮುಖ ಕಾಣದ ಒಬ್ಬ ಹೆಣ್ಣನ್ನು ಕೈಹಿಡಿದು ಎಬ್ಬಿಸಿತ್ತು. ಹಾಗಾದರೆ ಅದನ್ನು ಬರೆಯುವಾಗ ಅವರೂ ಹೀಗೆಯೇ ಏಳಲು ನೋಡುತ್ತಿದ್ದರೋ ಏನೋ. ಆ ಯೋಚನೆ ಅವಳಿಗೆ ಮೊದಲು ಬಂದೇ ಇರಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಚಾವಡಿಯಲ್ಲಿ ಅವರ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು ಕೊಟ್ಟಾರದ ಸುದ್ದಿ ಹೇಳಿದಳು. ಮಾಸ್ತರರು ಕೇಳಿ ಕಣ್ಣೊರೆಸಿಕೊಂಡರು.

"ಅದು ಅವರಿಗೆ ಆಯಿತು," ಎಂದಳು ಗುಲಾಬಿ. "ಈಗ ನನಗೆ ಒಂದು ಬರೆದುಕೊಡಿ."

"ನನ್ನಿಂದ ಆಗುವುದಿಲ್ಲ ಗುಲಾಬಿ. ಅವಳು ಇದ್ದ ಹಾಗೇ ನೆನಪು ಮಾಡಿದರೆ ನನ್ನ ಕೈ ನಡುಗ್ತದೆ. ಅದಕ್ಕೇ ಹೂವು ಅಂತ ಬರೆದದ್ದು."

"ನಡುಗ್ಲಿ. ನಾನು ಹೇಳ್ತೇನೆ, ನೀವು ಕೇಳಿ. ಬರೆಯುವುದು ಮತ್ತೆ ನೋಡುವ."

ಹಾಗೆ ಅವಳು ಶುರುಮಾಡಿದಳು. ಜಯ ಎಂಬ ಹೆಸರು ಇಷ್ಟು ದಿನದ ಮೇಲೆ ಅವಳ ಬಾಯಲ್ಲಿ ಬಂತು. ಕಂಪೌಂಡರನ ಕೈ ಕಚ್ಚಿದ್ದು, ಕೋಳಿಗೆ ಹೂ ಹಾಕಿದ್ದು. ಮಾಸ್ತರರು ಮೊದಲು ತುಟಿ ಬಿಗಿಹಿಡಿದು ಕೂತಿದ್ದವರು, ನಡುವೆ ತಾವೇ ಬಾಯಿ ಹಾಕಿದರು. ಇನ್ಸ್‌ಪೆಕ್ಟರರು ಶಾಲೆಗೆ ಬರುವ ದಿನ ಸುತ್ತಿಟ್ಟ ಮುಂಡಾಸಿನೊಳಗೆ ಜಯ ಬೆಕ್ಕಿನ ಮರಿಯನ್ನು ಮಲಗಿಸಿದ್ದಳು. ಇವರು ಅವಸರದಲ್ಲಿ ತಲೆಗಿಟ್ಟುಕೊಂಡು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮರಿ ಮಿಯಾಂವ್ ಎಂದಿತ್ತು. "ಮುಂಡಾಸು ತೆಗೀಬೇಡಿ ಅಪ್ಪ, ಅದಕ್ಕೆ ನಿದ್ದೆ ಬರ್ತಾ ಉಂಟು" ಎಂದು ಜಯ ಅವರ ಕಾಲು ಹಿಡಿದು ಅತ್ತಿದ್ದಳು. ಅದನ್ನು ಹೇಳುತ್ತ ಮಾಸ್ತರರು ನಕ್ಕರು. ಗುಲಾಬಿಯೂ ನಕ್ಕಳು. ನಗು ನಿಲ್ಲಲಿಲ್ಲ, ಯಾವಾಗ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅತ್ತು ಮುಗಿದ ಮೇಲೆ ಮಾಸ್ತರರಿಗೆ ಹಸಿವಾಯಿತು.

ಆ ವಾರವೆಲ್ಲ ಅವರು ಹೊಸ ಸಾಲುಗಳನ್ನು ಗುನುಗುತ್ತಲೇ ಇದ್ದರು. ಕವಿತೆ ಮುಗಿಸಿ ಪತ್ರಿಕೆಗೆ ಕಳಿಸಿದರೆ, ಬೆಕ್ಕು ಮುಂಡಾಸುಗಳು ಶೋಕಗೀತೆಗೆ ಒಪ್ಪುವ ವಸ್ತುವಲ್ಲ ಎಂದು ಸಂಪಾದಕರು ಮರಳಿಸಿದರು. ಮಾಸ್ತರರಿಗೆ ಬೇಸರವಾಯಿತು. ಹಾಗಾದರೆ ಕೂಟದಲ್ಲಿ ಬಾಯಲ್ಲೇ ಹೇಳಿ, ನಾನೂ ಬರ್ತೇನೆ ಎಂದಳು ಗುಲಾಬಿ.

ಹಂಪನಕಟ್ಟೆಯ ಹತ್ತಿರದ ಸಭಾಭವನದಲ್ಲಿ ಕವಿಗೋಷ್ಠಿ. ಗುಲಾಬಿ ಅಂಥ ಕೂಟಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹೆಲನಳನ್ನು ಜೊತೆಗೆ ಕರೆದುಕೊಂಡು ಹೆಂಗಸರ ಬೆಂಚಿನ ತುದಿಯಲ್ಲಿ ಕೂತಳು. ಮಾಸ್ತರರು ಎದ್ದು ನಿಂತು ಕೈಯಲ್ಲಿ ಕಾಗದವಿಲ್ಲದೆ ಹೇಳತೊಡಗಿದರು. ಬೆಕ್ಕಿನ ಮರಿ ಬಂದಾಗ ಸಭೆ ನಕ್ಕಿತು. ಅಧ್ಯಕ್ಷರ ಹುಬ್ಬು ಗಂಟಾಯಿತು. ಕೊನೆಯ ನುಡಿಗೆ ಬಂದರು:

"ಈಗಲೂ ಮುಂಡಾಸು ತಲೆಗಿಡುವ ಮುನ್ನ..."

ಅಲ್ಲಿಗೆ ಸ್ವರ ನಿಂತುಹೋಯಿತು.  ಸಭೆಯಲ್ಲಿ ಯಾರೋ ಕೆಮ್ಮಿದರು. ಮಾಸ್ತರರ ಕೈ ನಡುಗುವುದನ್ನು ಗುಲಾಬಿ ಕಂಡಳು. ನೂರಾರು ಗಂಡಸರಿರುವ ಸಭೆ ಎಂಬುದು ಆ ಗಳಿಗೆ ಅವಳಿಗೆ ಮರೆತೇಹೋಯಿತು. ಕೂತಲ್ಲಿಂದಲೇ, ಮನೆಯಲ್ಲಿ ಮಾತಾಡುವ ಸ್ವರದಲ್ಲಿ ಹೇಳಿದಳು:

"ಒಳಗೆ ಕೈಯಾಡಿಸಿ ನೋಡುತ್ತೇನೆ ಮಗಳೇ,
ಮಲಗಿದವರು ಯಾರಾದರೂ ಇದ್ದಾರೆಯೇ ಎಂದು."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಮಾಸ್ತರರು ಅವಳನ್ನೇ ನೋಡುತ್ತ ಆ ಎರಡು ಸಾಲುಗಳನ್ನು ತಾವೂ ಒಮ್ಮೆ ಹೇಳಿ ಕೂತರು. ಹೆಲನ್ ಶಿಲುಬೆಯ ಗುರುತು ಮಾಡಿಕೊಂಡಳು.  ಮುಂದಿನ ಸಾಲಿನ ಮುದುಕರೊಬ್ಬರು ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅಧ್ಯಕ್ಷರೂ ಆಮೇಲಿನ ಭಾಷಣದಲ್ಲಿ ಆ ಕವಿತೆಯ ಮೇಲೆ ಟೀಕೆ ಮಾಡುವ ಗೋಜಿಗೆ ಹೋಗಲಿಲ್ಲ.

ಹೆಲನ್ ದಾರಿಯಲ್ಲಿ ಪ್ರಾರ್ಥನೆಗೆಂದು ಇಗರ್ಜಿಗೆ ಹೊಕ್ಕಳು. ಗಂಡಹೆಂಡತಿ ಇಬ್ಬರೇ ಅತ್ತಾವರದ ಕಡೆ ನಡೆದರು.

"ನಿನಗೆ ಅದು ಯಾವಾಗ ಬಾಯಿಪಾಠ ಆಯಿತು?" ಎಂದು ಮಾಸ್ತರರು ಕೇಳಿದರು.

"ವಾರವಿಡೀ ಕಿವಿ ಹತ್ತಿರ ಗುನುಗಿದರೆ ಎಂತ ಮಾಡುವುದು ಮತ್ತೆ?" ಎಂದಳು ಗುಲಾಬಿ.

ಮಾಸ್ತರರು ನಕ್ಕು, ದಾರಿಬದಿಯ ಹೋಟೆಲಿನಿಂದ ಬಿಸಿ ಗೋಳಿಬಜೆ ಕಟ್ಟಿಸಿಕೊಂಡರು. ಮನೆ ಮುಟ್ಟುವವರೆಗೆ ಕಾಯಲು ಅವರಿಂದಾಗಲಿಲ್ಲ, ದಾರಿಯಲ್ಲೇ ಪೊಟ್ಟಣ ಬಿಚ್ಚಿ ತಿನ್ನತೊಡಗಿದರು. ಜನ ನೋಡುತ್ತಾರೆ ಎಂದು ಗುಲಾಬಿ ಗದರಿದಳು, ಗದರುತ್ತಲೇ ಒಂದಕ್ಕೆ ಕೈ ಚಾಚಿದಳು.