ಬಿಸ್ಮಾರ್ಕಿನಲ್ಲಿ ಇಳಿದ ವಿಮಾನ

ಬಿಲ್ಲಿಂಗ್ಸ್‌ನಿಂದ ಮಿನಿಯಾಪೊಲಿಸ್‌ಗೆ ಹೋಗುವ ಬೆಳಗಿನ ವಿಮಾನಕ್ಕೆ ಮಿಕ್ಕವರನ್ನು ಬಿಡುವ ಮುಂಚೆಯೇ ಯಾರಾದರೂ ಒಬ್ಬನೇ ಹತ್ತಿ ಬಂದರೆ, ಅವನ ಸೊಂಟದಲ್ಲಿ ಪಿಸ್ತೂಲು ಇದೆಯೆಂದೇ ಅರ್ಥ. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದ ವರ್ನಾ ಕಂಗಾಸ್‌ಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅರವತ್ತೊಂದಾದರೂ ಪತ್ರಿಕೆಯವರ ಬಾಯಲ್ಲಿ ಅವಳಿನ್ನೂ ಗಗನಸಖಿ. "ಸಖಿ ಅಂತೆ. ಮಂಡಿ ನೋವಿಗೆ ಸಖಿ" ಎಂದು ತಾನೇ ಆಡಿಕೊಳ್ಳುತ್ತಿದ್ದಳು.

ಆ ದಿನ ಬಂದವನು ಮೂವತ್ತೆಂಟರ ಆಸುಪಾಸಿನ ದಪ್ಪ ಮೈಯವನು. ಅಂಗಿಯ ಮೇಲಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡಿದ್ದ. ಹೆಸರು ಆರ್ಲೊ ಲಿಂಡ್. ಮೊಂಟಾನಾದ ಹಾರ್ಲೊ ಕ್ರೀಕ್ ಎಂಬ ಸಣ್ಣ ಊರಿನ ಪೊಲೀಸ್. ತನ್ನ ಮೇಲಧಿಕಾರಿಯ ಪತ್ರವನ್ನು ಕ್ಯಾಪ್ಟನ್ ಮೌರೀನ್‌ಗೆ ತೋರಿಸಿದ. ಇಳಿದ ಕೂಡಲೇ ಇವರು ಕರ್ತವ್ಯಕ್ಕೆ ಹಾಜರಾಗಬೇಕಿದೆ, ಹಾಗಾಗಿ ಆಯುಧ ಜೊತೆಯಲ್ಲೇ ಇರಬೇಕು ಎಂದು ಅದರಲ್ಲಿತ್ತು. ಮೌರೀನ್ ಓದಿ, ತಲೆಯಾಡಿಸಿ, ವಿಮಾನ ನಡೆಸುವ ಕೋಣೆಗೆ ಹೋದಳು. ಐವತ್ತು ಸೀಟಿನ ಸಣ್ಣ ವಿಮಾನ. ಪ್ರಯಾಣಿಕರನ್ನು ನೋಡಿಕೊಳ್ಳಲು ಇದ್ದವಳು ವರ್ನಾ ಒಬ್ಬಳೇ.

"ಹನ್ನೆರಡನೇ ಸಾಲು, ಕಿಟಕಿ ಪಕ್ಕ" ಎಂದಳು ವರ್ನಾ. "ಅದೇನು ಡ್ಯೂಟಿಪ್ಪಾ, ಗುಂಡಿ ಹಾಕ್ಕೊಳಕ್ಕೂ ಬಿಡದೆ ಇರೋವಂಥದ್ದು?"

ಅವನು ಅಂಗಿಯನ್ನು ಬಗ್ಗಿ ನೋಡಿಕೊಂಡ. ನಗಲಿಲ್ಲ. "ಡ್ಯೂಟಿ ಇಲ್ಲ ಮೇಡಂ. ನಿಮ್ಮತ್ರ ಯಾಕೆ ಸುಳ್ಳು ಹೇಳ್ಲಿ. ನಮ್ಮಮ್ಮ ಸೇಂಟ್ ಕ್ಲೌಡ್‌ನಲ್ಲಿ ಆಸ್ಪತ್ರೇಲಿದಾರೆ. ಇವತ್ತು ದಾಟೋದು ಕಷ್ಟ ಅಂತ ಅಕ್ಕ ಫೋನ್ ಮಾಡಿದ್ಲು. ಪಿಸ್ತೂಲು ಸಾಮಾನಿಗೆ ಹಾಕಿದ್ರೆ ಇಳಿದ ಮೇಲೆ ಅದಕ್ಕೆ ಕಾಯ್ಬೇಕು. ಮನೇಲಿ ಬಿಟ್ಟು ಬರೋಣ ಅಂದ್ರೆ ನಮ್ಮ ಸಾಹೇಬರು, 'ಪೊಲೀಸ್ನೋನು ಬರಿಗೈಲಿ ಹೋಗ್ಬಾರ್ದು ಕಣೋ' ಅಂದು ಪತ್ರ ಬರೆದುಕೊಟ್ರು. ಹದಿನೈದು ವರ್ಷ ಆಯ್ತು, ಇದಿಲ್ದೆ ನಾನು ಚರ್ಚಿಗೂ ಹೋಗಿಲ್ಲ."

ವರ್ನಾಳಿಗೆ ಇದನ್ನು ಕೇಳಬಾರದಿತ್ತು ಅನ್ನಿಸಿತು. ಕೇಳಿದ ಮೇಲೆ ಮೌರೀನ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. "ಹೋಗಿ ಕೂತ್ಕೊಳಪ್ಪ. ಎರಡು ಗಂಟೆಯೊಳಗೆ ಇಳಿಸ್ತೀವಿ" ಎಂದಳು.

ವಿಮಾನ ಮೇಲೇರಿ, ಕಾಫಿ ಹಂಚುವಾಗ ಅವನು ಬೇಡವೆಂದ. ಎದ್ದು ಹಿಂಬದಿಯ ಶೌಚಾಲಯಕ್ಕೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದ. ಕಣ್ಣಿನ ಕೆಂಪು ಹೋಗಿರಲಿಲ್ಲ. ವರ್ನಾ ನೋಡಿಯೂ ನೋಡದಂತೆ ಗಾಡಿಯನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟಳು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗಂಟೆ ಬಾರಿಸಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಗೋಧಿ ಬೆಳೆಯುವ ಮುದುಕ ಎಮಿಲ್ ರಾತ್ ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು, ಕೋಲೂರಿ ನಿಂತಿದ್ದ. ಅವನ ಮುಂದೆ ಒಬ್ಬ ಹೆಂಗಸು ಏಳೆಂಟು ವರ್ಷದ ಮಗಳ ಕೈ ಹಿಡಿದು ಕಾಯುತ್ತಿದ್ದಳು.

"ಈ ತಾತ ಒಳಗೆ ಬಿಡ್ತಿಲ್ಲ ನೋಡಿ" ಎಂದು ಆಕೆ ದೂರಿದಳು.

"ನಲ್ಲಿ ಕೆಟ್ಟಿದೆ ಅಂತ ಹೇಳ್ತಿದೀನಿ" ಎಂದ ಎಮಿಲ್. ವರ್ನಾ ಹತ್ತಿರ ಬಂದಾಗ ಅವಳ ಕಿವಿಗೆ ಬಗ್ಗಿ ಮೆಲ್ಲಗೆ ಹೇಳಿದ: "ಕೈ ತೊಳೆಯೋ ಜಾಗದ ಮೇಲೆ ಪಿಸ್ತೂಲಿದೆ ತಾಯಿ. ತುಂಬಿರ್ಬೇಕು. ನಾನು ಮುಟ್ಟಲಿಲ್ಲ."

ವರ್ನಾ ಬಾಗಿಲನ್ನು ಒಂದು ಗೇಣು ತೆರೆದು ನೋಡಿದಳು. ಕಪ್ಪು ಒರೆಯೊಳಗೆ, ಸಾಬೂನಿನ ಬುಡ್ಡಿಯ ಪಕ್ಕ ಅದು ತಣ್ಣಗೆ ಕೂತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದಳು. ತಾಯಿ ಮಗಳನ್ನು ಸೀಟಿಗೆ ಕಳಿಸಿದಳು. ಆ ಹುಡುಗಿಯ ಕೈ ಬಾಗಿಲ ಹಿಡಿಯಿಂದ ಎಷ್ಟು ದೂರದಲ್ಲಿತ್ತು ಎಂದು ಲೆಕ್ಕ ಹಾಕಲು ಅವಳಿಗೆ ಧೈರ್ಯವಾಗಲಿಲ್ಲ.

"ಯಾರದು ಅಂತ ನನಗೆ ಗೊತ್ತು" ಎಂದ ಎಮಿಲ್. "ಒಳಗೆ ಅಳ್ತಿದ್ದ. ಕಿವಿ ಮಂದ ಇರೋ ನನಗೇ ಕೇಳಿಸ್ತು. ಸುಮ್ನೆ ಕೊಟ್ಟುಬಿಡು ತಾಯಿ. ನನ್ನ ಬಾಯಿಂದ ಹೊರಗೆ ಬರಲ್ಲ."

ಅವನನ್ನು ಬಾಗಿಲ ಬಳಿಯೇ ನಿಲ್ಲಿಸಿ ವರ್ನಾ ಹನ್ನೆರಡನೆಯ ಸಾಲಿಗೆ ಬಂದಳು. ಆರ್ಲೊನ ಪಕ್ಕದ ಸೀಟು ಖಾಲಿ. ಅದರಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದಳು: "ಎಲ್ಲಪ್ಪ ನಿನ್ನ ಸೊಂಟದಲ್ಲಿದ್ದದ್ದು?"

ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು.

"ಬೆಲ್ಟ್ ಬಿಚ್ಚಿದ್ದೆ" ಎಂದ. "ಬಿಚ್ಚಿ ಪಕ್ಕದಲ್ಲಿಟ್ಟೆ. ಆಮೇಲೆ... ಯಾರಾದ್ರೂ ಒಳಗೆ ಹೋದ್ರಾ?"

"ಒಬ್ರು ಹೋದ್ರು. ನಮ್ಮ ಪುಣ್ಯ, ಒಳ್ಳೆಯವರು. ಅವರ ಹಿಂದೆ ಒಂದು ಮಗು ನಿಂತಿತ್ತು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹಾಗೇ ಹೇಳಿದ: "ತಂದುಕೊಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಕ್ಯಾಪ್ಟನ್‌ಗೆ ಹೇಳಿದ್ರೆ ಎಲ್ಲೋ ಇಳಿಸ್ತಾರೆ. ನನ್ನ ಹಿಡ್ಕೊಂಡು ಕೂರಿಸ್ತಾರೆ. ಅಮ್ಮ ಕಾಯ್ತಿದಾರೆ. ಕೆಲಸ ಹೋಗ್ಲಿ, ನಾಳೆ ನಾನೇ ರಾಜೀನಾಮೆ ಬರೆದುಕೊಡ್ತೀನಿ. ಇವತ್ತೊಂದು ದಿನ."

ಹನ್ನೆರಡನೆಯ ಸಾಲಿನಿಂದ ಮುಂದಿನ ಫೋನಿನವರೆಗೆ ಹತ್ತು ಹನ್ನೆರಡು ಹೆಜ್ಜೆ. ಆ ಹೆಜ್ಜೆಗಳನ್ನು ಹಾಕುವಾಗ ವರ್ನಾ ಎರಡು ಸಲ ನಿಂತಳು. ಕೊಟ್ಟುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಬೆಳಗ್ಗೆ ಸುಳ್ಳು ಪತ್ರದ ವಿಷಯ ಕೇಳಿಯೂ ಬಾಯಿ ಮುಚ್ಚಿಕೊಂಡಿದ್ದಳು. ಅದರ ಫಲ ಶೌಚಾಲಯದಲ್ಲಿ ಕೂತಿತ್ತು. ಮನಸ್ಸು ಒಡೆದುಹೋದವನ ಸೊಂಟಕ್ಕೆ ಅದನ್ನು ಮತ್ತೆ ತನ್ನ ಕೈಯಾರೆ ಕಟ್ಟುವುದು ಹೇಗೆ? ಫೋನ್ ಎತ್ತಿದಳು.

ಮೌರೀನ್ ಒಂದೆರಡು ಮಾತು ಕೇಳಿ, ಕೆಳಗೆ ನಿಲ್ದಾಣದವರ ಜೊತೆ ಮಾತಾಡಿದಳು. ಹತ್ತು ನಿಮಿಷಕ್ಕೆ ವಿಮಾನ ವಾಲಿತು. ಬಿಸ್ಮಾರ್ಕಿನಲ್ಲಿ ಇಳಿದಾಗ ಗಂಟೆ ಇನ್ನೂ ಹತ್ತಾಗಿರಲಿಲ್ಲ. ನಾಲ್ವರು ಅಧಿಕಾರಿಗಳು ಕಾಯುತ್ತಿದ್ದರು. ಒಬ್ಬ ಹಿಂದೆ ಹೋಗಿ ಪಿಸ್ತೂಲು ತೆಗೆದುಕೊಂಡ. ಆರ್ಲೊ ಎದ್ದು ನಿಂತು ತಾನೇ ಎರಡು ಕೈಯನ್ನೂ ಮುಂದೆ ಹಿಡಿದ. ಅವರು ಬೇಡಿ ಹಾಕಲಿಲ್ಲ, ಫೋನನ್ನು ಮಾತ್ರ ಇಸಿದುಕೊಂಡರು. ಪ್ರಯಾಣಿಕರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಬಾಗಿಲ ಬಳಿ ಬಂದಾಗ ಅವನು ವರ್ನಾಳ ಅಂಗೈಗೆ ಒಂದು ಕಾಗದದ ಚೂರು ತುರುಕಿದ.

"ನಮ್ಮಕ್ಕನ ನಂಬರು. ಗ್ರೇಸಿಯಾ ಅಂತ. ನಾನು ಹೊರಟಿದೀನಿ, ದಾರೀಲಿದೀನಿ ಅಂತ ಅಮ್ಮನ ಕಿವಿಗೆ ಹೇಳೋಕೆ ಹೇಳಿ. ಅಷ್ಟು ಮಾಡ್ತೀರಾ?"

"ಮಾಡ್ತೀನಿ ಕಣಪ್ಪ" ಎಂದಳು ವರ್ನಾ.

ಚೂರನ್ನು ಜೇಬಿಗೆ ಹಾಕಿಕೊಂಡಳು. ಅಲ್ಲಿಂದಾಚೆಗೆ ಒಂದರ ಮೇಲೊಂದು. ಅಧಿಕಾರಿಗಳು ಹೇಳಿಕೆ ಬರೆಸಿಕೊಂಡರು. ಯಾರದೋ ಮುಂದಿನ ವಿಮಾನ ತಪ್ಪುತ್ತದೆಂದು ಜಗಳ. ಒಬ್ಬಳಿಗೆ ತಲೆಸುತ್ತು. ಐವತ್ತು ನಿಮಿಷ ನೆಲದ ಮೇಲೇ ಇದ್ದರು, ಕೈಯಳತೆಯಲ್ಲಿ ಫೋನಿತ್ತು. ಮಿನಿಯಾಪೊಲಿಸ್ ತಲುಪಿದ ಮೇಲೆ ಕಂಪನಿಯ ಕಚೇರಿಯಲ್ಲಿ ಮತ್ತೆ ಅದೇ ಕಥೆ, ಮೂರು ಜನಕ್ಕೆ ಮೂರು ಸಲ. ಮಧ್ಯಾಹ್ನ ಎರಡಕ್ಕೆ ಕಾರಿನ ಕೀಲಿಗೆಂದು ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಕಾಗದ ಸಿಕ್ಕಿತು.

ನಿಂತ ಕಾಲಲ್ಲೇ ಫೋನ್ ಹಚ್ಚಿದಳು. ಒಬ್ಬ ಹೆಂಗಸು ಎತ್ತಿ, ಇವಳ ಮಾತಿಗೂ ಕಾಯದೆ, "ಅಮ್ಮ ಹೋದ್ರು. ಹನ್ನೊಂದೂವರೆಗೆ" ಎಂದಳು. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬಳಲಿದ ದನಿ. ತಾನು ಯಾರೆಂದೂ ಹೇಳದೆ ವರ್ನಾ ಫೋನ್ ಇಟ್ಟುಬಿಟ್ಟಳು.

ಅಂದು ಸಂಜೆ ನಾಲ್ಕಕ್ಕೆ ಆರ್ಲೊನನ್ನು ಬಿಟ್ಟರಂತೆ. ಬಾಡಿಗೆ ಕಾರಿನಲ್ಲಿ ಐದು ಗಂಟೆ ಓಡಿಸಿಕೊಂಡು ಹೋದನಂತೆ. ತಿಂಗಳೊಳಗೆ ಅವನ ಕೆಲಸ ಹೋಯಿತು. ಪತ್ರ ಬರೆದ ಸಾಹೇಬರು ನಿವೃತ್ತಿ ತೆಗೆದುಕೊಂಡರು. ಇದೆಲ್ಲ ವರ್ನಾಳಿಗೆ ತಿಳಿದದ್ದು ಗಗನಸಖಿಯರ ಸಂಘದ ವಕೀಲನಿಂದ. ಆ ವಕೀಲನೇ, ರಜೆಯಲ್ಲಿರುವ ಪೊಲೀಸರು ವಿಮಾನದಲ್ಲಿ ಪಿಸ್ತೂಲು ಇಟ್ಟುಕೊಳ್ಳಬೇಕೇ ಬೇಡವೇ ಎಂದು ವಿಚಾರಿಸಲು ವಾಷಿಂಗ್ಟನ್ನಿನಿಂದ ಒಂದು ಸಮಿತಿ ಸೇಂಟ್ ಪಾಲ್‌ಗೆ ಬರುತ್ತದೆ, ನೀವು ಮಾತಾಡಲೇಬೇಕು ಎಂದು ಪಟ್ಟು ಹಿಡಿದವನು.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಪೊಲೀಸರ ಸಂಘದ ಪರವಾಗಿ ಬಂದ ನರೆಗೂದಲಿನವನು ಚೆನ್ನಾಗಿಯೇ ಮಾತಾಡಿದ. "ಆಕಾಶದಲ್ಲಿ ಯಾವನೋ ಒಬ್ಬ ಕೆಟ್ಟವನು ಎದ್ದುನಿಂತ ಅನ್ನಿ. ಪೊಲೀಸ್ನೋರನ್ನ ಕರೆಯೋಕೆ ಫೋನ್ ಅಲ್ಲಿಲ್ಲ, ಓಡೋಕೆ ಜಾಗ ಇಲ್ಲ. ಆವಾಗ ಈ ತಾಯಿಯೇ 'ಯಾರಾದ್ರೂ ಪೊಲೀಸ್ನೋರು ಇದೀರಾ' ಅಂತ ಕೂಗ್ತಾರೆ. ತರಬೇತಿ ಆದ ಒಳ್ಳೆಯವನ ಕೈಲಿ ಆಯುಧ ಇದ್ರೆ ತಪ್ಪೇನು?"

ಅಧ್ಯಕ್ಷೆ ವರ್ನಾಳ ಕಡೆ ತಿರುಗಿದಳು. ವಕೀಲ ಬರೆದುಕೊಟ್ಟ ಹಾಳೆ ಅವಳ ಮುಂದಿತ್ತು. ಅವಳು ಅದನ್ನು ಓದಲಿಲ್ಲ.

"ಅವರು ಹೇಳಿದ್ದು ಸುಳ್ಳಲ್ಲ. ನಾನು ಕೂಗಿದ್ರೂ ಕೂಗಬಹುದು" ಎಂದಳು. "ಆದ್ರೆ ಆವತ್ತು ಅದು ಒಳ್ಳೆಯವನ ಕೈಲೇ ಇತ್ತು. ಒಳ್ಳೆಯವರಿಗೂ ಅಮ್ಮ ಸಾಯ್ತಾರೆ. ನಿದ್ದೆ ಕೆಡುತ್ತೆ. ಗುಂಡಿ ತಪ್ಪಾಗಿ ಹಾಕ್ಕೊಂಡು ಬರ್ತಾರೆ. ಡ್ಯೂಟೀಲಿರೋ ದಿನ ಅವರ ತಲೇಲಿ ಡ್ಯೂಟಿ ಇರುತ್ತೆ. ರಜೇಲಿ ಮನೆ ಇರುತ್ತೆ. ಆವತ್ತು ಆ ಪಿಸ್ತೂಲು ಕೆಳಗೆ ಸಾಮಾನಿನ ಜೊತೆ ಇದ್ದಿದ್ರೆ, ಅವನು ಅರ್ಧ ಗಂಟೆ ಕಾದು ತಗೊಂಡು ತಾಯಿ ಹತ್ರ ಹೋಗ್ತಿದ್ದ. ನನಗೆ ಗೊತ್ತಿರೋದು ಇಷ್ಟೇ."

ಕೈ ತಟ್ಟಬಾರದೆಂದು ಮೊದಲೇ ಹೇಳಿದ್ದರು. ಯಾರೂ ತಟ್ಟಲಿಲ್ಲ.

ಹೊರಗೆ ಪಡಸಾಲೆಯ ಬೆಂಚಿನ ಬಳಿ ಐವತ್ತರ ಒಬ್ಬ ಹೆಂಗಸು ಅವಳನ್ನು ತಡೆದಳು. "ನಾನು ಗ್ರೇಸಿಯಾ. ಆರ್ಲೊನ ಅಕ್ಕ."

ವರ್ನಾ ಬೆಂಚಿನ ಮೇಲೆ ಕೂತಳು.

"ಎರಡು ಗಂಟೆಗೆ ಫೋನ್ ಮಾಡಿ, ಮಾತಾಡದೆ ಇಟ್ಟವರು ನೀವೇ ಅಲ್ವಾ?"

"ನಾನೇ. ಮರೆತುಬಿಟ್ಟೆ ಕಣಮ್ಮ. ಕೆಲಸ ಇತ್ತು ಅಂತ ಹೇಳ್ಬಹುದು. ಆದ್ರೆ ಐವತ್ತು ನಿಮಿಷ ಅಲ್ಲೇ ನಿಂತಿದ್ದೆ. ಮರೆತೆ. ಅವನ ಹತ್ರ ಕ್ಷಮೆ ಕೇಳ್ಬೇಕು."

"ಕೇಳಬೇಡಿ" ಎಂದಳು ಗ್ರೇಸಿಯಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ಬೆಳಗ್ಗೆಯಿಂದ ಅಮ್ಮ ಅವನ ಹೆಸರು ಹೇಳ್ತಾನೇ ಇದ್ರು. ಕೊನೆಗೆ ಕೇಳೋದು ಬಿಟ್ರು. ರಾತ್ರಿ ಅವನು ಬಂದೋನು ಮೊದಲು ಕೇಳಿದ್ದು, ವಿಮಾನದ ಮೇಡಂ ಫೋನ್ ಮಾಡಿದ್ರಾ ಅಂತ. ನಾನು ಹೂಂ ಅಂದೆ. ಬೇಗನೇ ಮಾಡಿದ್ರು, ನೀನು ದಾರೀಲಿದೀಯ ಅಂತ ಅಮ್ಮನ ಕಿವಿಗೆ ಹೇಳಿದೆ, ಅಮ್ಮ ನಕ್ಕರು ಅಂದೆ. ಅದೊಂದನ್ನ ಹಿಡ್ಕೊಂಡು ಬದುಕ್ತಿದಾನೆ. ಕಾರು ನಿಲ್ಲಿಸಿ ಈಗ ಬರ್ತಾನೆ. ನಿಮ್ಮ ಮನಸ್ಸು ಹಗುರ ಮಾಡ್ಕೊಳಕ್ಕೆ ಅವನದ್ದನ್ನ ಕಿತ್ಕೋಬೇಡಿ."

ಮೆಟ್ಟಿಲ ಕಡೆಯಿಂದ ಆರ್ಲೊ ಬಂದ. ಸೊರಗಿದ್ದ. ಈಗ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಎಂದು ಅವನೇ ಹೇಳಿದ. ಟೋಪಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತ.

"ಒಳಗೆ ನೀವು ಹೇಳಿದ್ದು ಸರಿ. ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ" ಎಂದ. "ಕ್ಯಾಪ್ಟನ್‌ಗೆ ಹೇಳಿದ್ದಕ್ಕೂ ನನಗೆ ಬೇಜಾರಿಲ್ಲ ಮೇಡಂ. ಆ ಮಗು ನೆನಪಾದ್ರೆ ಈಗ್ಲೂ ಬೆವರುತ್ತೆ. ಆದ್ರೆ ಆ ಗಡಿಬಿಡೀಲೂ ನೀವು ನೆನಪಿಟ್ಟುಕೊಂಡು ಫೋನ್ ಮಾಡಿದ್ರಲ್ಲ, ಅದಕ್ಕೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ಅಮ್ಮಂಗೆ ಗೊತ್ತಾಯ್ತಲ್ಲ, ನಾನು ಹೊರಟಿದ್ದೆ ಅಂತ."

ಗ್ರೇಸಿಯಾ ಕಿಟಕಿಯಾಚೆ ನೋಡುತ್ತಿದ್ದಳು.

"ಅಷ್ಟೂ ಮಾಡದೆ ಇರ್ತೀವೇನಪ್ಪ" ಎಂದಳು ವರ್ನಾ.

ಅವನು ಬಗ್ಗಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಅಕ್ಕ ತಮ್ಮ ಇಬ್ಬರೂ ಮೆಟ್ಟಿಲಿಳಿದು ಹೋದ ಮೇಲೂ, ವಕೀಲ ಬಂದು ಕಾರು ಸಿದ್ಧವಿದೆ ಎಂದು ಎರಡು ಸಲ ಕರೆಯುವವರೆಗೂ, ಆ ಬೆಂಚಿನ ಮೇಲೆ ಕೂತೇ ಇದ್ದಳು.